ಬಿಸಿಲು ತಡೆಯದೆ ಮಳೆ ತಡೆಯಲಾಗದು: ತಾರಸಿಗೆ ಸುಣ್ಣ-ಇಟ್ಟಿಗೆಯ ಹೊದಿಕೆ

ಮಳೆಗಾಲ ಬಂದರೆ ಮೇಲಿನ ಮಹಡಿಯ ಮನೆಗಳಲ್ಲಿ ಬಕೆಟ್ ಇಡುವ ಜಾಗ ಹುಡುಕುತ್ತಾರೆ. ಬೇಸಿಗೆಯಲ್ಲಿ ಅದೇ ಮನೆಯವರಿಗೆ ರಾತ್ರಿ ಸೆಖೆಯಿಂದ ನಿದ್ದೆ ಬರುವುದಿಲ್ಲ. ನಮ್ಮ ಉರ್ದು ಮಾತಿನ ಮನೆಗಳಲ್ಲಿ ಛತ್ ಎನ್ನುವ, ಕನ್ನಡದಲ್ಲಿ ತಾರಸಿ ಎನ್ನುವ ಆ ಒಂದೇ ಜಾಗದಿಂದ ಎರಡು ಕಷ್ಟ. ಸೋರಿಕೆಗೆ ಬಣ್ಣದ ಲೇಪ, ಸೆಖೆಗೆ ಫ್ಯಾನು ಎಂದು ನಾವು ಬೇರೆ ಬೇರೆ ಖರ್ಚು ಮಾಡುತ್ತೇವೆ. ಹಳೆಯ ಗಾರೆ ಕೆಲಸದವರು ಎರಡಕ್ಕೂ ಒಂದೇ ಹೊದಿಕೆ ಹಾಕುತ್ತಿದ್ದರು. ಅದು ಏನು, ಹೇಗೆ ಕೆಲಸ ಮಾಡುತ್ತದೆ, ಲೆಕ್ಕಕ್ಕೆ ಹೊಂದುತ್ತದೆಯೇ ಎಂದು ನೋಡೋಣ.

ತಾರಸಿ ಏಕೆ ಬಿರಿಯುತ್ತದೆ?

ಕಾಂಕ್ರೀಟು ಬಿಸಿಯಾದರೆ ಹಿಗ್ಗುತ್ತದೆ, ತಣಿದರೆ ಕುಗ್ಗುತ್ತದೆ. 10 ಮೀಟರ್ ಉದ್ದದ ತಾರಸಿಯ ಉಷ್ಣತೆ 30 ಡಿಗ್ರಿ ಸೆಲ್ಸಿಯಸ್ ಏರಿದರೆ ಉದ್ದ ಸುಮಾರು 3 ಮಿಲಿಮೀಟರ್ ಹೆಚ್ಚುತ್ತದೆ. ಮೇ ತಿಂಗಳ ಮಧ್ಯಾಹ್ನ ಕಾದ ತಾರಸಿಯ ಮೇಲೆ ಸಂಜೆ ಗುಡುಗು ಮಳೆ ಸುರಿದರೆ ಅದು ಬೇಗನೆ ಕುಗ್ಗುತ್ತದೆ. ವರ್ಷಗಟ್ಟಲೆ ಈ ಎಳೆದಾಟ ನಡೆದು ಕೂದಲೆಳೆಯಂಥ ಬಿರುಕುಗಳು ಬೀಳುತ್ತವೆ. ಅವುಗಳಲ್ಲಿ ಇಳಿದ ನೀರು ಒಳಗಿನ ಕಬ್ಬಿಣದ ಕಂಬಿಯನ್ನು ಮುಟ್ಟುತ್ತದೆ. ತುಕ್ಕು ಹಿಡಿದ ಕಂಬಿ ಉಬ್ಬಿ, ಕೆಳಗಿನ ಕಾಂಕ್ರೀಟನ್ನೇ ಒಡೆದು ಉದುರಿಸುತ್ತದೆ. ಅಂದರೆ ಸೋರಿಕೆ ಗೋಡೆಯ ಕಲೆ ಮಾತ್ರವಲ್ಲ, ಮನೆಯವರ ತಲೆಯ ಮೇಲಿನ ಅಪಾಯ.

ಬಿರುಕಿನ ಮೇಲೆ ತೆಳು ಲೇಪ ಬಳಿದರೆ ನೀರು ಸ್ವಲ್ಪ ಕಾಲ ನಿಲ್ಲುತ್ತದೆ. ಆದರೆ ಕೆಳಗಿನ ಕಾಂಕ್ರೀಟು ಕಾಯುತ್ತಲೇ ಇದ್ದರೆ ಎಳೆದಾಟವೂ ನಡೆಯುತ್ತಲೇ ಇರುತ್ತದೆ, ಲೇಪವೂ ಹರಿಯುತ್ತದೆ. ಆದ್ದರಿಂದ ಮೊದಲು ತಡೆಯಬೇಕಾದದ್ದು ಬಿಸಿಲನ್ನು.

ಸುಣ್ಣ, ಇಟ್ಟಿಗೆ, ಸುರ್ಕಿ

ಸುಣ್ಣದ ಕಲ್ಲನ್ನು ಸುಮಾರು 900 ಡಿಗ್ರಿಯಲ್ಲಿ ಸುಟ್ಟರೆ ಇಂಗಾಲದ ಡೈಆಕ್ಸೈಡ್ ಹೊರಟು ಸುಟ್ಟ ಸುಣ್ಣ ಉಳಿಯುತ್ತದೆ. ನೀರು ಹಾಕಿದಾಗ ಅದು ಕುದಿದು ಅರಳುತ್ತದೆ. ಈ ಅರಳಿದ ಸುಣ್ಣ ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿ ನಿಧಾನವಾಗಿ ಮತ್ತೆ ಕಲ್ಲಾಗುತ್ತದೆ. ಇಟ್ಟಿಗೆಯ ಪುಡಿಯೇ ಸುರ್ಕಿ. ಈ ಹೆಸರು ಕೆಂಪು ಎಂಬ ಅರ್ಥದ ಫಾರ್ಸಿಯ ‘ಸುರ್ಖ್’ ಪದದಿಂದ ಬಂದದ್ದು. ಸುರ್ಕಿ ಬೆರೆಸಿದ ಸುಣ್ಣ ಒದ್ದೆ ಜಾಗದಲ್ಲೂ ಗಟ್ಟಿಯಾಗುತ್ತದೆ.

ಗಾರೆ ಎಷ್ಟು ಕಾಲ ಬಾಳುತ್ತದೆ ಎಂಬುದಕ್ಕೆ ವಿಜಯಪುರದ ಗೋಲ ಗುಮ್ಮಟವೇ ಸಾಕ್ಷಿ. 1656ರಲ್ಲಿ ತೀರಿಕೊಂಡ ಮುಹಮ್ಮದ್ ಆದಿಲ್ ಶಾಹನ ಈ ಗೋರಿಯ ಗುಮ್ಮಟ ಇಟ್ಟಿಗೆ ಮತ್ತು ಗಾರೆಯದು. ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಇಂಗ್ಲೆಂಡಿನಲ್ಲಿ ಪೇಟೆಂಟ್ ಸಿಕ್ಕಿದ್ದು 1824ರಲ್ಲಿ. ಆದರೆ ಗುಮ್ಮಟದ ಮೇಲೆ ಬಿದ್ದ ನೀರು ತಾನೇ ಜಾರಿ ಹೋಗುತ್ತದೆ. ಸಮತಟ್ಟಾದ ತಾರಸಿಯಲ್ಲಿ ಅದನ್ನು ನಾವೇ ಸಾಗಿಸಬೇಕು.

ಕೆಲಸದ ಕ್ರಮ

1. ತಾರಸಿಯನ್ನು ಗುಡಿಸಿ, ಬಿರುಕು ಮುಚ್ಚಿ, ನೀರು ಹಾಕಿ ನೆನೆಸಬೇಕು.

2. ಚೆನ್ನಾಗಿ ಬೆಂದ ಇಟ್ಟಿಗೆಯನ್ನು ಸುಮಾರು 20 ಮಿಲಿಮೀಟರ್ ಚೂರು ಮಾಡಿ ನೆನೆಸಬೇಕು. ಇದೇ ಇಟ್ಟಿಗೆ ಜೆಲ್ಲಿ. ಎರಡೂವರೆ ಬುಟ್ಟಿ ಜೆಲ್ಲಿಗೆ ಒಂದು ಬುಟ್ಟಿ ಅರಳಿದ ಸುಣ್ಣ.

3. ಇದನ್ನು ನೀರಿನ ಕೊಳವೆಯ ಕಡೆಗೆ ಇಳಿಜಾರಾಗಿ ಹರಡಬೇಕು. 60 ಸೆಂಟಿಮೀಟರ್ ದೂರಕ್ಕೆ 1 ಸೆಂಟಿಮೀಟರ್ ಇಳಿತ ಇರಲಿ. 6 ಮೀಟರ್ ಅಗಲದ ತಾರಸಿಯಲ್ಲಿ ನಡುವೆ ಎತ್ತರ ಇಟ್ಟು ಎರಡೂ ಕಡೆಗೆ ಹರಿಸಿದರೆ, ನಡುವೆ 10, ಅಂಚಿನಲ್ಲಿ 5, ಸರಾಸರಿ ಏಳೂವರೆ ಸೆಂಟಿಮೀಟರ್ ದಪ್ಪ ಬರುತ್ತದೆ.

4. ನಂತರ ಮರದ ಹಲಗೆಯಿಂದ ಬಡಿಯುವ ಕೆಲಸ. ಆಳುಗಳು ಸಾಲಾಗಿ ಕುಳಿತು, ಅಳಲೆಕಾಯಿ ಮತ್ತು ಬೆಲ್ಲ ನೆನೆಸಿದ ನೀರು ಚಿಮುಕಿಸುತ್ತಾ, ಹಲವು ದಿನ ಬಡಿಯುತ್ತಾರೆ. ಒಳಗಿನ ಗಾಳಿ ಹೊರಟು ಸಂದುಗಳು ಮುಚ್ಚುತ್ತವೆ. ಹಲಗೆ ಪುಟಿಯತೊಡಗಿದರೆ ಸಾಕಾಯಿತು ಎಂದರ್ಥ.

5. ತಾರಸಿಯೂ ಪ್ಯಾರಪೆಟ್ ಗೋಡೆಯೂ ಸೇರುವ ಮೂಲೆಯನ್ನು ದುಂಡಗೆ ತಿರುವಬೇಕು. ಮೇಲೆ ಸುರ್ಕಿ ಗಾರೆಯಲ್ಲಿ ಚಪ್ಪಟೆ ಹೆಂಚು ಹಾಸಿ, ಕನಿಷ್ಠ ಒಂದು ವಾರ ಒದ್ದೆಯಾಗಿಡಬೇಕು.

ಸುಣ್ಣ ಅರಳಿಸುವಾಗ ಕಣ್ಣು, ಕೈ ಜೋಪಾನ. ಮಕ್ಕಳನ್ನು ಹತ್ತಿರ ಬಿಡಬಾರದು.

ಇಟ್ಟಿಗೆಯ ಶಾಖ ವಾಹಕತೆ ಕಾಂಕ್ರೀಟಿನದಕ್ಕಿಂತ ಸುಮಾರು ಅರ್ಧ. ಆದ್ದರಿಂದ ಬಿಸಿಲು ಹೊದಿಕೆಯಲ್ಲೇ ತಡವಾಗುತ್ತದೆ, ಕೆಳಗಿನ ಕಾಂಕ್ರೀಟು ಕಡಿಮೆ ಎಳೆದಾಡುತ್ತದೆ. ಸುಣ್ಣದಲ್ಲಿ ಸಣ್ಣ ಬಿರುಕು ಬಿದ್ದರೂ, ಮಳೆನೀರಿನಲ್ಲಿ ಕರಗಿದ ಸುಣ್ಣ ಅಲ್ಲೇ ಮತ್ತೆ ಗಟ್ಟಿಯಾಗಿ ಅದನ್ನು ತುಂಬಬಲ್ಲದು.

ವಾಣಿಜ್ಯ ವಿದ್ಯಾರ್ಥಿಯ ಲೆಕ್ಕ

ಲೆಕ್ಕಶಾಸ್ತ್ರದಲ್ಲಿ ನಾವು ಬಂಡವಾಳ ವೆಚ್ಚ, ಆದಾಯ ವೆಚ್ಚ ಎಂದು ಓದುತ್ತೇವೆ. ಕೆಲವು ವರ್ಷಕ್ಕೊಮ್ಮೆ ಬಳಿಯುವ ಲೇಪ ದುರಸ್ತಿ, ಅಂದರೆ ಆದಾಯ ವೆಚ್ಚ. ಸುಣ್ಣ-ಇಟ್ಟಿಗೆಯ ಹೊದಿಕೆ ಬಂಡವಾಳ ವೆಚ್ಚದಂತೆ: ಮೊದಲೇ ಹೆಚ್ಚು, ಲಾಭ ಬಹುಕಾಲ. ಇಲ್ಲಿ ಸಾಮಗ್ರಿಗಿಂತ ಕೂಲಿಯ ಭಾರ ದೊಡ್ಡದು, ಏಕೆಂದರೆ ಬಡಿಯಲು ಹಲವು ಕೈ, ಹಲವು ದಿನ ಬೇಕು. ಆದ್ದರಿಂದ ಮೇಸ್ತ್ರಿಗಳ ಬಳಿ ಒಟ್ಟು ಮೊತ್ತವನ್ನಷ್ಟೇ ಕೇಳದೆ, ಸಾಮಗ್ರಿ ಎಷ್ಟು, ಕೂಲಿ ಎಷ್ಟು, ಎಷ್ಟು ವರ್ಷ ಬಾಳುತ್ತದೆ ಎಂದು ಬಿಡಿಸಿ ಕೇಳಿ, ವರ್ಷದ ಲೆಕ್ಕಕ್ಕೆ ಭಾಗಿಸಿ ಹೋಲಿಸಬೇಕು.

ಬಾಡಿಗೆ ಮನೆಯಲ್ಲಿ ಮಾತ್ರ ಲೆಕ್ಕ ಓರೆಯಾಗುತ್ತದೆ. ತಾರಸಿಯ ಖರ್ಚು ಮಾಲೀಕರದು, ಸೆಖೆ ಬಾಡಿಗೆದಾರರದು. ಅದಕ್ಕೇ ಅಗ್ಗದ ಲೇಪ ಗೆಲ್ಲುತ್ತದೆ. ಕಂಬಿಗೆ ತುಕ್ಕು ಹಿಡಿದರೆ ನಷ್ಟ ಮಾಲೀಕರದೇ ಎಂದು ಬಾಡಿಗೆದಾರರು ನಯವಾಗಿ ತಿಳಿಸಿ ಹೇಳಬೇಕು.

ಇನ್ನೊಂದು ಎಚ್ಚರ ಭಾರದ್ದು. 10 ಮೀಟರ್ ಉದ್ದ, 6 ಮೀಟರ್ ಅಗಲದ ತಾರಸಿಗೆ ಏಳೂವರೆ ಸೆಂಟಿಮೀಟರ್ ದಪ್ಪ ಎಂದರೆ ನಾಲ್ಕೂವರೆ ಘನ ಮೀಟರ್, ಸುಮಾರು 8 ಟನ್. ಹೆಂಚಿನ ತೂಕ ಬೇರೆ. ಹಳೆಯ, ಈಗಾಗಲೇ ಉದುರುತ್ತಿರುವ ತಾರಸಿಗೆ ಎಂಜಿನಿಯರನ್ನು ಕೇಳದೆ ಇದನ್ನು ಹೇರಬಾರದು.

ಅಭ್ಯಾಸಕ್ಕೆ

ನಿಮ್ಮ ತಾರಸಿಯ ಉದ್ದ, ಅಗಲ ಅಳೆಯಿರಿ. ಮೇಲೆ ಹೇಳಿದ 60 ಚದರ ಮೀಟರಿನ ತಾರಸಿಯ ಮೇಲೆ 50 ಮಿಲಿಮೀಟರ್ ಮಳೆ ಬಿದ್ದರೆ 3000 ಲೀಟರ್ ನೀರು. ನಿಮ್ಮದರಲ್ಲಿ ಎಷ್ಟು? ಆಮೇಲೆ ಒಂದು ಬಕೆಟ್ ನೀರು ಸುರಿದು, ಅದು ಎಲ್ಲಿ ನಿಲ್ಲುತ್ತದೆ ಎಂದು ಸೀಮೆಸುಣ್ಣದಿಂದ ಗುರುತು ಮಾಡಿ. ಕೊಳವೆಯ ಬಾಯಲ್ಲಿ ಎಲೆ, ಕಸ ಇದ್ದರೆ ಅಂದೇ ತೆಗೆಯಿರಿ, ಅದಕ್ಕೆ ಖರ್ಚಿಲ್ಲ.