ಹೊಸ ಸರಾಫನಿಗೆ

ಬ್ಯಾಂಕಿನಲ್ಲಿ ಸರಾಫನ ಕೆಲಸ ಸಿಕ್ಕಿತಂತೆ, ಸಂತೋಷ ಮಗಾ. ಇನ್ನು ಅಡವಿಡಲು ಬಂದ ಒಡವೆ ಅಸಲಿಯೋ ಅಲ್ಲವೋ ಎಂದು ಹೇಳಿ ಸಹಿ ಹಾಕುವವನು ನೀನು. ಸಾಲ ಕೊಡುವುದು ಬ್ಯಾಂಕಾದರೂ ಅದು ನಂಬುವುದು ನಿನ್ನ ಕಣ್ಣನ್ನು. ಹಾಗಾಗಿ ಕಣ್ಣಿನ ಬಗ್ಗೆಯೇ ನಾಲ್ಕು ಮಾತು.

ಬಣ್ಣ ನೋಡಿ ತೀರ್ಮಾನ ಮಾಡಬೇಡ. 22 ಕ್ಯಾರೆಟ್ ಎಂದರೆ 24 ಪಾಲಿನಲ್ಲಿ 22 ಪಾಲು ಚಿನ್ನ, ನೂರಕ್ಕೆ 91.6. ಉಳಿದ ಎರಡು ಪಾಲಿನಲ್ಲಿ ತಾಮ್ರ ಹೆಚ್ಚಿದ್ದರೆ ಒಡವೆ ಕೆಂಪಗೆ ಕಾಣುತ್ತದೆ, ಬೆಳ್ಳಿ ಹೆಚ್ಚಿದ್ದರೆ ತಿಳಿಹಳದಿ. ಎರಡರಲ್ಲೂ ಚಿನ್ನ ಅಷ್ಟೇ. ಅಜ್ಜಿಯ ಕಾಲದ ಕೊಳೆ ಹಿಡಿದ ಬಳೆಗಿಂತ ಗಿಲೀಟಿನ ಬಳೆಯೇ ಹೆಚ್ಚು ಮಿರುಗುತ್ತದೆ.

ಒರೆಗಲ್ಲು ಸುಳ್ಳು ಹೇಳುವುದಿಲ್ಲ ಎನ್ನುತ್ತಾರೆ. ನಿಜವೇ, ಆದರೆ ಅದು ಹೇಳುವುದು ತನಗೆ ತಾಗಿದ್ದರ ಬಗ್ಗೆ ಮಾತ್ರ. ಕಲ್ಲಿನ ಮೇಲೆ ಉಜ್ಜಿದಾಗ ಬೀಳುವ ಗೆರೆ ಒಡವೆಯ ಹೊರಮೈಯದು. ನೈಟ್ರಿಕ್ ಆಸಿಡ್ ಬಿಟ್ಟರೆ ತಾಮ್ರದ ಗೆರೆ ಕರಗಿಹೋಗುತ್ತದೆ, ಚಿನ್ನದ್ದು ಉಳಿಯುತ್ತದೆ. ಗಿಲೀಟು ದಪ್ಪಗಿದ್ದರೆ ಆ ಗೆರೆಯೂ ಉಳಿಯುತ್ತದೆ, ಯಾಕೆಂದರೆ ಅದೂ ಚಿನ್ನವೇ ತಾನೆ! ಎಕ್ಸ್‌ಆರ್‌ಎಫ್ ಯಂತ್ರ ಬಂದಿದೆ, ಈಗೇನು ಭಯ ಎನ್ನುವವರೂ ಇದ್ದಾರೆ. ಆ ಯಂತ್ರದ ಕಣ್ಣೂ ಚಿನ್ನದೊಳಗೆ ಇಳಿಯುವುದು ಕೆಲವು ಮೈಕ್ರಾನ್‌ಗಳಷ್ಟೇ. ಆದ್ದರಿಂದ ಅನುಮಾನ ಬಂದರೆ ಗಿರಾಕಿಯ ಒಪ್ಪಿಗೆ ಪಡೆದು, ಕಣ್ಣಿಗೆ ಬೀಳದ ಜಾಗದಲ್ಲಿ ಅರದಿಂದ ತುಸು ಉಜ್ಜಿ, ಆ ಗಾಯವನ್ನು ಕಲ್ಲಿಗೆ ಹಚ್ಚು. ಸರದ ಕೊಂಡಿ ಒಂದನ್ನೇ ಪರೀಕ್ಷಿಸಿ ಬಿಡಬೇಡ. ಎಲ್ಲರೂ ಕೊಂಡಿಯನ್ನೇ ನೋಡುತ್ತಾರೆ ಎಂದು ಗೊತ್ತಿದ್ದವರು ಕೊಂಡಿಯನ್ನು ಮಾತ್ರ ಅಸಲಿ ಹಾಕಿಸುತ್ತಾರೆ.

ನೀರಿನಲ್ಲಿ ತೂಗುವುದು ಒಳ್ಳೆಯ ಪದ್ಧತಿ. ಘನ ಸೆಂಟಿಮೀಟರಿಗೆ ಅಪ್ಪಟ ಚಿನ್ನ 19.3 ಗ್ರಾಂ ತೂಗಿದರೆ ಬೆಳ್ಳಿ 10.5, ತಾಮ್ರ 9ರ ಹತ್ತಿರ. ಆದರೆ ಟಂಗ್‌ಸ್ಟನ್ ಎಂಬ ಲೋಹವೂ ಹೆಚ್ಚುಕಡಿಮೆ ಚಿನ್ನದಷ್ಟೇ ತೂಗುತ್ತದೆ. ಗಟ್ಟಿಯೊಳಗೆ ಅದನ್ನು ಸೇರಿಸಿದರೆ ನೀರಿಗೆ ವ್ಯತ್ಯಾಸ ತಿಳಿಯದು. ಇದಕ್ಕೆ ತಿರುಗುಮುರುಗು, ಅರಗು ತುಂಬಿದ ಗುಂಡಿನ ಸರ ನೀರಿನಲ್ಲಿ ಕಳಪೆಯಾಗಿ ಕಾಣುತ್ತದೆ. ಅದು ಮೋಸವಲ್ಲ, ಹಳೆಯ ಕಸುಬು. ಅರಗಿನ ತೂಕ ಕಳೆದು ಲೆಕ್ಕ ಹಾಕು. ಒಳಗಿನದನ್ನು ನಿಜಕ್ಕೂ ಹೇಳುವುದು ಬೆಂಕಿ. ತುಣುಕು ಕತ್ತರಿಸಿ, ಸೀಸ ಮತ್ತು ಬೆಳ್ಳಿಯ ಜೊತೆ ಕುಲುಮೆಗಿಟ್ಟು, ಆಮೇಲೆ ಆಸಿಡ್‌ನಲ್ಲಿ ಬೆಳ್ಳಿ ಕಳೆದು, ಉಳಿದ ಚಿನ್ನವನ್ನು ತೂಗುತ್ತಾರೆ. ಅಡವಿಗೆ ಬಂದ ಮಾಂಗಲ್ಯ ಸರವನ್ನು ಹಾಗೆ ಕತ್ತರಿಸಲು ಆಗುತ್ತದೆಯೇ? ಹೊರಮೈಯಿಂದಲೇ ಒಳಗನ್ನು ಊಹಿಸುವುದು ನಿನ್ನ ಪಾಲಿಗೆ ಬಂದದ್ದು. ಅದಕ್ಕೇ ಒಂದು ಪರೀಕ್ಷೆಗೆ ನಿಲ್ಲಬೇಡ ಎನ್ನುತ್ತಿದ್ದೇನೆ.

ಹಾಲ್‌ಮಾರ್ಕ್ ಕಂಡ ಕೂಡಲೇ ನಿರಾಳವಾಗಬೇಡ. ಮುದ್ರೆಯನ್ನೂ ನಕಲು ಮಾಡಬಹುದು. 2023ರ ಏಪ್ರಿಲ್‌ನಿಂದ ಮಾರಾಟದ ಹಾಲ್‌ಮಾರ್ಕ್ ಒಡವೆಗೆ ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ ಇರಲೇಬೇಕು. ಅದನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿ ನೋಡು. ಕೈಯಲ್ಲಿ ಬಳೆ ಇದ್ದು ಆ್ಯಪ್ ಉಂಗುರ ಎಂದರೆ ಅಲ್ಲೇ ನಿಲ್ಲು. ಮುದ್ರೆ ಇಲ್ಲದ ಹಳೆಯ ಒಡವೆಯನ್ನು ಅಷ್ಟಕ್ಕೇ ಕಳಪೆ ಎಂದೂ ತಿಳಿಯಬೇಡ.

ಇನ್ನು ತಂದವರ ವಿಷಯ. ಕಾರಿನಲ್ಲಿ ಬಂದು ಮ್ಯಾನೇಜರರ ಜೊತೆ ಕಾಫಿ ಕುಡಿದವರ ಸರಕ್ಕೂ ಅದೇ ಅರ, ಅದೇ ಆಸಿಡ್. ಅವರು ಮುಖ ಸಿಂಡರಿಸಿದರೆ ಸಿಂಡರಿಸಲಿ. ಹವಾಯಿ ಚಪ್ಪಲಿಯ ಹೆಂಗಸಿನ ಕೈಯಲ್ಲಿ ದೊಡ್ಡ ಒಡವೆ ಕಂಡರೆ, ಇದು ಎಲ್ಲಿಂದ ಬಂತೋ ಎಂಬ ಮುಖ ಮಾಡಬೇಡ. ಅವಳು ತಂದದ್ದು ನಕಲಿ ಎಂದೇ ತಿಳಿದುಬಂತೆನ್ನು. ಆಗಲೂ ಅವಳನ್ನು ಮೋಸಗಾತಿ ಎಂದು ಎಣಿಸಬೇಡ. ಅಂಗಡಿಯವನು ಅವಳ ಅಮ್ಮನಿಗೇ ಟೋಪಿ ಹಾಕಿರಬಹುದು, ಇಪ್ಪತ್ತು ವರ್ಷ ಅದನ್ನು ಚಿನ್ನವೆಂದೇ ಅವಳು ಹಾಕಿಕೊಂಡಿರಬಹುದು. ಸಾಲಿನಲ್ಲಿ ನಿಂತವರಿಗೆ ಕೇಳುವಂತೆ ಹೇಳದೆ ಒಳಗೆ ಕರೆದು ಕೂರಿಸು. ಕಲ್ಲಿನ ಮೇಲಿನ ಗೆರೆ ತೋರಿಸಿ, "ಅಮ್ಮಾ, ಇದರ ಮೇಲೆ ಸಾಲ ಬರುವುದಿಲ್ಲ, ಕೊಂಡ ರಸೀದಿ ಇದ್ದರೆ ಹುಡುಕಿ" ಎನ್ನು. ಆಮೇಲೆ ಒಡವೆಯನ್ನು ಅವಳ ಕೈಗೇ ಕೊಡು, ಮೇಜಿನ ಮೇಲೆ ಎಸೆಯಬೇಡ.