ತೋಟದ ಹೋಂಸ್ಟೇಗೆ ಜಾಲತಾಣ: ಯೋಜನೆ ಹೇಗೆ?



ಕಾಫಿ, ಅಡಿಕೆಗಳ ಜೊತೆಗೆ ಹೋಂಸ್ಟೇಯನ್ನು ಉಪಕಸುಬಾಗಿ ನಡೆಸುವ ಸಣ್ಣ ಬೆಳೆಗಾರರು ಮಲೆನಾಡಿನಲ್ಲೂ ಕೊಡಗಿನಲ್ಲೂ ಹಲವರಿದ್ದಾರೆ. ಪಟ್ಟಣದ ತರುಣರು ತಂಗುವ ಸ್ಥಳವನ್ನು ಮೊಬೈಲಿನಲ್ಲೇ ನೋಡಿ ಆರಿಸುತ್ತಾರೆ. ಎಲ್ಲ ಅತಿಥಿಗಳೂ ಬುಕಿಂಗ್ ಕಂಪನಿಗಳ ಮೂಲಕವೇ ಬಂದರೆ ಕಮಿಷನ್ ತೆರಬೇಕಾಗುತ್ತದೆ. ಉದಾಹರಣೆಗೆ, ದಿನಕ್ಕೆ 2,000 ರೂ. ಬಾಡಿಗೆಯ ಒಂದು ಕೋಣೆ ವರ್ಷದಲ್ಲಿ 100 ದಿನ ತುಂಬಿತೆನ್ನೋಣ. ಕಮಿಷನ್ ಶೇ. 15 ಆದರೆ 30,000 ರೂ. ಕೈಬಿಟ್ಟು ಹೋಗುತ್ತದೆ. ಆದುದರಿಂದ ಸ್ವಂತ ಜಾಲತಾಣವೊಂದು ಇರುವುದು ಒಳ್ಳೆಯದು. ಅದನ್ನು ಯೋಜಿಸುವ ಕ್ರಮ ಹೀಗಿದೆ.

1. ಪರವಾನಗಿ: ಮೊದಲು ಪ್ರವಾಸೋದ್ಯಮ ಇಲಾಖೆಯಲ್ಲಿ ಹೋಂಸ್ಟೇಯನ್ನು ನೋಂದಾಯಿಸಿ, ಆ ಸಂಖ್ಯೆಯನ್ನು ಜಾಲತಾಣದಲ್ಲಿ ಕಾಣಿಸಿರಿ. ವಿದೇಶಿ ಅತಿಥಿ ಬಂದರೆ 24 ಗಂಟೆಯೊಳಗೆ ನೋಂದಣಿ ಅಧಿಕಾರಿಗೆ ವರದಿ ಸಲ್ಲಿಸತಕ್ಕದ್ದು.

2. ಹೆಸರಿನ ಒಡೆತನ: ಜಾಲತಾಣದ ವಿಳಾಸವನ್ನು, ಅಂದರೆ ಡೊಮೈನನ್ನು, ನಿಮ್ಮ ಹೆಸರಿನಲ್ಲೇ ನೋಂದಾಯಿಸಿರಿ. ಮಾಡಿಕೊಟ್ಟವನ ಹೆಸರಿನಲ್ಲಿದ್ದರೆ ತೋಟ ನಿಮ್ಮದು, ಪಹಣಿ ಇನ್ನೊಬ್ಬರದು ಎಂಬಂತಾಗುತ್ತದೆ. ಬೆಳೆಸಾಲದಂತೆ ಇದಕ್ಕೂ ನವೀಕರಣವುಂಟು; ವಾಯಿದೆ ಮೀರಿದರೆ ಹೆಸರು ಬೇರೆಯವರ ಪಾಲಾಗಬಹುದು. ಇನ್‌ಸ್ಟಾಗ್ರಾಂ ಖಾತೆಯ ಗುಪ್ತಪದವೂ ಮನೆಯ ಇಬ್ಬರಿಗೆ ತಿಳಿದಿರಲಿ. ಖಾತೆ ತೆರೆದ ಮಗ ಬೆಂಗಳೂರಿಗೆ ಹೋದರೂ ಕೆಲಸ ನಿಲ್ಲಬಾರದು.

3. ವಿಷಯ: ಬಾಡಿಗೆ, ಊಟ, ಕೊನೆಯ ಬಸ್ಸಿನ ವೇಳೆ, ಮೊಬೈಲ್ ಸಿಗ್ನಲ್ ಇದೆಯೇ ಇಲ್ಲವೇ, ಮುಂಗಡ ಹಿಂದಿರುಗಿಸುವ ನಿಯಮ – ಇವು ಮೊದಲ ಪುಟದಲ್ಲೇ ಇರಲಿ. ಚಿತ್ರಗಳ ಗಾತ್ರ ಕುಗ್ಗಿಸಿರಿ. ದುರ್ಬಲ ಸಿಗ್ನಲ್‌ನಲ್ಲಿ ಭಾರದ ಚಿತ್ರ ತೆರೆದುಕೊಳ್ಳುವುದಿಲ್ಲ.

4. ಋತುಮಾನ: ಚಿತ್ರ, ವಿಡಿಯೋಗಳಿಗೆ ತೋಟದ ಕೆಲಸವೇ ಪಂಚಾಂಗ. ಮಾರ್ಚ್–ಏಪ್ರಿಲ್‌ನಲ್ಲಿ ಹೂಮಳೆ ಬಿದ್ದು ಸುಮಾರು ಎಂಟು-ಹತ್ತು ದಿನಗಳಲ್ಲಿ ಕಾಫಿ ಅರಳುತ್ತದೆ. ಹೂವು ನಿಲ್ಲುವುದು ಕೆಲವೇ ದಿನ. ಮಳೆ ಬಿದ್ದೊಡನೆ ತಿಳಿಸಿದರೆ ತರುಣರು ಹೊರಡಲು ಅವಕಾಶವಾಗುತ್ತದೆ. ಚಳಿಗಾಲಕ್ಕೆ ಕಾಫಿ ಕೊಯ್ಲು, ಅಡಿಕೆ ಸುಲಿತ, ಬೇಯಿಸುವಿಕೆ ಇವೆ. ಕೆಲಸಗಾರರ ಚಿತ್ರ ಹಾಕುವ ಮೊದಲು ಅವರ ಒಪ್ಪಿಗೆ ಪಡೆಯಬೇಕು.

5. ಸತ್ಯಸಂಧತೆ: ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ, ಇಂಬಳ, ವಿದ್ಯುತ್ ವ್ಯತ್ಯಯಗಳನ್ನು ಮರೆಮಾಚಬಾರದು. ಅಡಿಕೆಗೆ ಬೋರ್ಡೋ ದ್ರಾವಣ ಸಿಂಪಡಿಸುವ ದಿನ ತೋಟಕ್ಕೆ ಪ್ರವೇಶವಿಲ್ಲವೆಂದು ಬರೆಯಿರಿ. ತುಂಬಿ ಹರಿಯುವ ಹಳ್ಳದ ಬಂಡೆಯ ಮೇಲೆ ನಿಂತವರ ಚಿತ್ರವನ್ನಂತೂ ಎಂದೂ ಹಾಕದಿರಿ. ಆ ಚಿತ್ರ ನೋಡಿ ಬಂದ ಹುಡುಗ ಅಲ್ಲಿಯೇ ನಿಲ್ಲಲು ಹೋಗುತ್ತಾನೆ. ಪಾಚಿ ಕಟ್ಟಿದ ಬಂಡೆ ಯಾರನ್ನೂ ಬಿಡುವುದಿಲ್ಲ. ನೂರು ಮೆಚ್ಚುಗೆ ಒಂದು ಜೀವಕ್ಕೆ ಸಮವಲ್ಲ.

6. ಉತ್ತರ: ಯಾರಾದರೂ ವಿಚಾರಿಸಿದರೆ ಅದೇ ದಿನ ಉತ್ತರಿಸಿರಿ. ದೂರು ಬರೆದವರೊಡನೆ ವಾದ ಬೇಡ. ಸರಿಪಡಿಸಿದ್ದನ್ನು ತಿಳಿಸಿದರೆ ಸಾಕು.

ಹೊಸಬರು ಏಕಕಾಲಕ್ಕೆ ಎಲ್ಲ ತಾಣಗಳಲ್ಲೂ ಖಾತೆ ತೆರೆಯಬೇಕಾಗಿಲ್ಲ. ಒಂದು ಜಾಲತಾಣ, ಗೂಗಲ್ ನಕ್ಷೆಯಲ್ಲಿ ಸರಿಯಾದ ಗುರುತು, ಒಂದು ಇನ್‌ಸ್ಟಾಗ್ರಾಂ ಖಾತೆ – ಇಷ್ಟನ್ನು ಒಂದು ವರ್ಷ ತಪ್ಪದೆ ನಡೆಸಿರಿ. ಬಂದ ಅತಿಥಿ ಹೇಗೆ ತಿಳಿದು ಬಂದನೆಂಬುದನ್ನು ಪ್ರತಿಸಲ ಲೆಕ್ಕದ ಪುಸ್ತಕದಲ್ಲಿ ಬರೆದಿಡಿರಿ. ಮುಂದಿನ ಖರ್ಚು ಎಲ್ಲಿ ಹಾಕಬೇಕೆಂಬುದನ್ನು ಆ ಲೆಕ್ಕವೇ ಹೇಳುತ್ತದೆ.