ಆವೃತ್ತಿ ಹೆಚ್ಚಿದಷ್ಟೂ ಒಳ್ಳೆಯದೇ? ನಾವಿಕ್ ಆಧಾರಿತ ಕಿರುಪಾಠ

ಉದ್ದೇಶ: ಆವೃತ್ತಿಯ ಆಯ್ಕೆಯಲ್ಲಿರುವ ಲಾಭ-ನಷ್ಟಗಳನ್ನು ವಿದ್ಯಾರ್ಥಿಗಳು ಕಾರಣಸಹಿತ ವಿವರಿಸುವರು.

ನಿರೂಪಣೆ: ಇಸ್ರೋದ ನಾವಿಕ್ ಉಪಗ್ರಹಗಳು 1176.45 ಮತ್ತು 2492.028 ಮೆಗಾಹರ್ಟ್ಸ್‌ಗಳಲ್ಲಿ ಸಂಕೇತ ಕಳುಹಿಸುತ್ತವೆ. ಅಯಾನುಗೋಳದಲ್ಲಿ ಆಗುವ ವಿಳಂಬವು ಆವೃತ್ತಿಯ ವರ್ಗಕ್ಕೆ ವಿಲೋಮಾನುಪಾತದಲ್ಲಿದೆ. ಆವೃತ್ತಿ ಸುಮಾರು 2.12 ಪಟ್ಟು ಹೆಚ್ಚಿದಾಗ ವಿಳಂಬ ನಾಲ್ಕೂವರೆಯಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಇದು ಲಾಭ.

ಎಚ್ಚರಿಕೆ: ಪಾಠವನ್ನು ಇಲ್ಲಿಗೇ ನಿಲ್ಲಿಸಿದರೆ ಮಕ್ಕಳಲ್ಲಿ ತಪ್ಪು ಕಲ್ಪನೆ ಉಳಿಯುತ್ತದೆ. ಎಲ್ಲ ದಿಕ್ಕಿನಿಂದಲೂ ಗ್ರಹಿಸುವ ಸಣ್ಣ ಆಂಟೆನಾ ಹಿಡಿಯುವ ಶಕ್ತಿಯೂ ಅದೇ ವರ್ಗದ ಪ್ರಮಾಣದಲ್ಲಿ ಕುಗ್ಗುತ್ತದೆ. ಜೊತೆಗೆ, 2400ರಿಂದ 2483.5 ಮೆಗಾಹರ್ಟ್ಸ್ ಪಟ್ಟಿಯ ವೈಫೈ ನೆರೆಯಲ್ಲೇ ಇದ್ದು ಅಡಚಣೆ ಮಾಡಬಲ್ಲದು. 2023ರ ಎನ್‌ವಿಎಸ್-01 ಉಪಗ್ರಹಕ್ಕೆ ಸೇರಿಸಿದ್ದು ಜಿಪಿಎಸ್ ಬಳಸುವ 1575.42 ಮೆಗಾಹರ್ಟ್ಸ್, ಅಂದರೆ ಎಸ್ ಪಟ್ಟಿಗಿಂತ ಕಡಿಮೆ ಆವೃತ್ತಿ.

ಮೌಲ್ಯಮಾಪನ: ಎರಡು ಆವೃತ್ತಿಗಳ ಸಂಕೇತಗಳು ತಲುಪಿದ ಸಮಯದ ವ್ಯತ್ಯಾಸದಿಂದ ಗ್ರಾಹಕವು ವಿಳಂಬವನ್ನು ಹೇಗೆ ಲೆಕ್ಕಹಾಕುತ್ತದೆ?